ಗಾರ್ಮೆಂಟ್ಸ್ ಕೆಲಸ ಮನೆಯಲ್ಲೇ ಮಾಡಬಹುದೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

“ಮಹಿಳೆಯರಿಗೆ ಸುವರ್ಣಾವಕಾಶ! ಮನೆಯಲ್ಲೇ ಕುಳಿತು ಗಾರ್ಮೆಂಟ್ಸ್ ಕೆಲಸ. ದಾರ ಕತ್ತರಿಸುವುದು, ಬಟನ್ ಹಾಕುವುದು, ಪ್ಯಾಕಿಂಗ್. ಬಟ್ಟೆ ನಾವೇ ಮನೆಗೆ ತಲುಪಿಸುತ್ತೇವೆ. ತಿಂಗಳಿಗೆ 25,000 ಗ್ಯಾರಂಟಿ. ಕೂಡಲೇ ವಾಟ್ಸಾಪ್ ಮಾಡಿ.”

ಇಂಥದ್ದೊಂದು ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಸುಂಕದಕಟ್ಟೆ, ಹೆಗ್ಗನಹಳ್ಳಿ, ಲಗ್ಗೆರೆ, ಕಾಮಾಕ್ಷಿಪಾಳ್ಯದ ಕಡೆ ಇದು ಬೇಗ ಹರಡುವುದಕ್ಕೆ ಕಾರಣವೂ ಇದೆ. ಮಾಗಡಿ ರಸ್ತೆಯಿಂದ ಪೀಣ್ಯದವರೆಗಿನ ಈ ಭಾಗದಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರು ಅಥವಾ ಹೋಗಿ ಬಿಟ್ಟವರು ಇಲ್ಲದ ಬೀದಿ ಅಪರೂಪ. ಹೊಲಿಗೆ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಆದರೆ ಮಗು ಚಿಕ್ಕದು, ಅತ್ತೆಗೆ ಹುಷಾರಿಲ್ಲ, ಟಾರ್ಗೆಟ್ ಒತ್ತಡ ತಡೆಯಲಾಗುತ್ತಿಲ್ಲ ಎಂದು ಮನೆಯಲ್ಲಿ ಉಳಿದವರು ಅನೇಕರು. ಅವರಿಗೆ ಈ ಮೆಸೇಜ್ ದೇವರು ಕೊಟ್ಟ ವರದಂತೆ ಕಾಣುತ್ತದೆ.

ಇದು ನಿಜವೇ, ಸುಳ್ಳೇ? ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಏಕೆಂದರೆ ಬಟ್ಟೆ ಉದ್ಯಮದಲ್ಲಿ “ಮನೆಯಿಂದ ಕೆಲಸ” ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಒಂದು, ಲ್ಯಾಪ್‌ಟಾಪ್ ಮೇಲೆ ನಡೆಯುವ ಕೆಲಸ. ಎರಡು, ಸೂಜಿ ದಾರದ ಕೆಲಸ. ಮೂರು, ಕೆಲಸವೇ ಅಲ್ಲದ ಮೋಸ. ಒಂದೊಂದಾಗಿ ನೋಡೋಣ.

ಶರ್ಟ್ ಹೊಲಿಯಲು ಕಾರ್ಖಾನೆಯೇ ಏಕೆ ಬೇಕು?

ನಮ್ಮ ಬೀದಿಯ ಟೈಲರ್ ಒಬ್ಬರೇ ಅಳತೆ ತೆಗೆದು, ಕತ್ತರಿಸಿ, ಹೊಲಿದು, ಕಾಜಾ ಹಾಕಿ ಶರ್ಟ್ ಕೊಡುತ್ತಾರೆ. ಕಾರ್ಖಾನೆಯಲ್ಲಿ ಹಾಗಲ್ಲ. ಅಲ್ಲಿ ಒಂದು ಶರ್ಟ್ ಹತ್ತಾರು ಚಿಕ್ಕ ಕೆಲಸಗಳಾಗಿ ಒಡೆಯುತ್ತದೆ. ಒಬ್ಬರು ಕಾಲರ್ ಹೊಲಿದರೆ, ಇನ್ನೊಬ್ಬರು ಕಫ್, ಮತ್ತೊಬ್ಬರು ತೋಳು ಜೋಡಿಸುತ್ತಾರೆ. ಪ್ರತಿ ಕೆಲಸಕ್ಕೂ ನಿಮಿಷದ ಲೆಕ್ಕವಿದೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಹುಟ್ಟುವುದು ಆ ಲೆಕ್ಕದಿಂದ.

ಯಂತ್ರಗಳೂ ಬೇರೆ ಬೇರೆ. ಸಾಮಾನ್ಯ ಹೊಲಿಗೆಗೆ ಒಂದು, ಅಂಚಿಗೆ ಓವರ್‌ಲಾಕ್, ಟೀ ಶರ್ಟಿಗೆ ಫ್ಲಾಟ್‌ಲಾಕ್, ಕಾಜಾಗೆ ಒಂದು, ಗುಂಡಿಗೆ ಇನ್ನೊಂದು. ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಒಟ್ಟಿಗೇ ಕತ್ತರಿಸಿ, ಪ್ರತಿ ತುಂಡಿಗೂ ನಂಬರ್ ಹಾಕುತ್ತಾರೆ. ಏಕೆಂದರೆ ಒಂದೇ ಬಣ್ಣದ ಎರಡು ಥಾನುಗಳಲ್ಲೂ ಬಣ್ಣ ತುಸು ಹೆಚ್ಚುಕಡಿಮೆ ಇರುತ್ತದೆ. ನಂಬರ್ ತಪ್ಪಿದರೆ ತೋಳಿನ ಬಣ್ಣ ಒಂದು, ಬೆನ್ನಿನ ಬಣ್ಣ ಇನ್ನೊಂದು ಆಗುತ್ತದೆ.

ಇನ್ನೊಂದು ಮುಖ್ಯ ಕಾರಣ ಸೂಜಿ. ರಫ್ತು ಮಾಡುವ ಕಾರ್ಖಾನೆಯಲ್ಲಿ ಸೂಜಿ ಮುರಿದರೆ ಅದರ ಎಲ್ಲ ಚೂರುಗಳನ್ನೂ ಹುಡುಕಿ, ರಿಜಿಸ್ಟರಿನಲ್ಲಿ ಅಂಟಿಸಿ ಲೆಕ್ಕ ಒಪ್ಪಿಸಬೇಕು. ಚೂರು ಸಿಗದಿದ್ದರೆ ಅಲ್ಲಿದ್ದ ಪೀಸುಗಳನ್ನು ಬೇರೆ ಇಟ್ಟು ತಪಾಸಣೆ ಮಾಡುತ್ತಾರೆ. ಮಕ್ಕಳ ಬಟ್ಟೆಗಳನ್ನು ಲೋಹ ಪತ್ತೆ ಯಂತ್ರದ ಮೂಲಕ ಹಾಯಿಸುತ್ತಾರೆ. ಮನೆಯಲ್ಲಿ ಹೊಲಿದರೆ ಈ ಲೆಕ್ಕ ಇಡುವವರು ಯಾರು? ಹಾಗಾಗಿಯೇ ವಿದೇಶಿ ಕಂಪನಿಗಳು ತಮ್ಮ ಅನುಮತಿ ಇಲ್ಲದೆ ಕೆಲಸವನ್ನು ಹೊರಗೆ ಕೊಡಬಾರದೆಂದು ಷರತ್ತು ಹಾಕುತ್ತವೆ. “ಎಕ್ಸ್‌ಪೋರ್ಟ್ ಕಂಪನಿಯ ಶರ್ಟ್ ಮನೆಯಲ್ಲೇ ಪ್ಯಾಕ್ ಮಾಡಿ” ಎಂಬ ಮೆಸೇಜ್ ಕಂಡರೆ ಅನುಮಾನ ಪಡಬೇಕಾದದ್ದು ಇದಕ್ಕೇ.

ಲ್ಯಾಪ್‌ಟಾಪ್‌ಗೆ ಹೋದ ಕೆಲಸ

ಬಟ್ಟೆ ಉದ್ಯಮದಲ್ಲಿ ನಿಜಕ್ಕೂ ದೂರದಿಂದ ಮಾಡಬಹುದಾದ ಕೆಲಸಗಳಿವೆ. ವಿನ್ಯಾಸ, ಕಂಪ್ಯೂಟರಿನಲ್ಲಿ ಪ್ಯಾಟರ್ನ್ ಮಾಡುವುದು, ಒಂದು ಅಳತೆಯಿಂದ ಬೇರೆ ಅಳತೆಗಳನ್ನು ತೆಗೆಯುವುದು, ಬಟ್ಟೆ ಕಡಿಮೆ ಹಾಳಾಗುವಂತೆ ತುಂಡುಗಳನ್ನು ಜೋಡಿಸುವುದು, ಗಿರಾಕಿ ಕಂಪನಿಯೊಂದಿಗೆ ವ್ಯವಹರಿಸುವ ಮರ್ಚಂಡೈಸರ್ ಕೆಲಸ, ಲೆಕ್ಕಪತ್ರ, ಆನ್‌ಲೈನ್ ಮಾರಾಟ ಎಲ್ಲ ಇದರಲ್ಲಿ ಬರುತ್ತವೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಹೊಲಿಗೆ ಲೈನುಗಳು ನಿಂತವು. ಈ ಬಗೆಯ ಕೆಲಸಗಳನ್ನು ಮಾತ್ರ ಮನೆಯಿಂದ ಮುಂದುವರಿಸಲು ಸಾಧ್ಯವಿತ್ತು. ಕ್ಲೋ, ಬ್ರೌಸ್‌ವೇರ್‌ನಂಥ ತಂತ್ರಾಂಶಗಳು ಈಗ ಉಡುಪನ್ನು ಹೊಲಿಯುವ ಮೊದಲೇ ಪರದೆ ಮೇಲಿನ ಗೊಂಬೆಗೆ ತೊಡಿಸಿ ತೋರಿಸುತ್ತವೆ. ಒಂದೊಂದು ಸ್ಯಾಂಪಲನ್ನೂ ಕೊರಿಯರ್‌ನಲ್ಲಿ ಕಳಿಸಿ ಕಾಯುವುದು ಕಡಿಮೆಯಾಗಿದೆ.

ಇದಕ್ಕೂ ಮಿತಿ ಇದೆ. ಬಟ್ಟೆ ಮೈಗೆ ಹೇಗೆ ಹತ್ತುತ್ತದೆ ಎಂಬುದನ್ನು ಪರದೆ ಹೇಳಲಾರದು. ಬಣ್ಣದ ವಿಷಯವೂ ಅಷ್ಟೇ. ಒಂದು ಬೆಳಕಿನಲ್ಲಿ ಒಂದೇ ಥರ ಕಾಣುವ ಎರಡು ಬಟ್ಟೆಗಳು ಇನ್ನೊಂದು ಬೆಳಕಿನಲ್ಲಿ ಬೇರೆ ಕಾಣಬಹುದು. ಅಂಗಡಿಯಲ್ಲಿ ಸೀರೆಗೆ ಹೊಂದಿದ ಬ್ಲೌಸ್ ಪೀಸ್ ಮನೆಗೆ ತಂದಾಗ ಹೊಂದದೇ ಇರುವುದು ಇದೇ ಕಾರಣಕ್ಕೆ. ಆದ್ದರಿಂದ ಹಗಲು ಬೆಳಕು, ಅಂಗಡಿ ಬೆಳಕು, ಮನೆ ದೀಪ ಮೂರನ್ನೂ ಕೊಡುವ ಪೆಟ್ಟಿಗೆಯೊಳಗೆ ಬಟ್ಟೆ ಇಟ್ಟು ಕಣ್ಣಾರೆ ನೋಡಬೇಕಾಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಕಂಪನಿಯ ಮರ್ಚಂಡೈಸರ್ ಮನೆಯಿಂದ ಕೆಲಸ ಮಾಡಿದರೂ ಅವರ ಸಂಬಳ, ಪಿಎಫ್, ರಜೆ ಎಲ್ಲ ಜೊತೆಗೇ ಇರುತ್ತವೆ. ಅವರು ಕುಳಿತ ಕುರ್ಚಿ ಬದಲಾಗಿದೆ, ನೌಕರಿ ಬದಲಾಗಿಲ್ಲ.

ಸೂಜಿ ದಾರ ಮನೆಗೆ ಬಂದಾಗ

ಮನೆಗೆ ಬರುವ ಸೂಜಿ ಕೆಲಸವೂ ಸುಳ್ಳಲ್ಲ. ಸೀರೆ ಕುಚ್ಚು, ಫಾಲ್ಸ್, ಆರಿ ವರ್ಕ್, ಮಣಿ ಕೂರಿಸುವುದು, ಸ್ಥಳೀಯ ಮಾರುಕಟ್ಟೆಗೆ ನೈಟಿ, ಪೆಟಿಕೋಟ್ ಹೊಲಿಯುವುದು, ಚಿಕ್ಕ ಯೂನಿಟ್‌ಗಳ ದಾರ ಕತ್ತರಿಸುವ ಕೆಲಸ ಏಜೆಂಟರ ಮೂಲಕ ಮನೆಗಳಿಗೆ ಬರುತ್ತವೆ. ಲೆಕ್ಕ ಪೀಸಿನದು. ಇಲ್ಲಿ ಕುರ್ಚಿಯ ಜೊತೆ ನೌಕರಿಯೂ ಬದಲಾಗುತ್ತದೆ. ಸಂಬಳ ಹೋಗಿ ಪೀಸ್ ರೇಟ್ ಬರುತ್ತದೆ, ಪಿಎಫ್ ಮತ್ತು ಇಎಸ್‌ಐ ಮಾಯವಾಗುತ್ತವೆ. ಮಷೀನು, ಸೂಜಿ, ಕರೆಂಟು ನಿಮ್ಮದೇ.

ಪೀಸ್ ರೇಟ್ ಕೇಳಿದಾಗ ದೊಡ್ಡದೆನಿಸಿದರೂ ಗಂಟೆಗೆ ಭಾಗಿಸಿ ನೋಡಬೇಕು. ಒಂದು ಉದಾಹರಣೆ: ಒಂದು ಸೀರೆ ಕುಚ್ಚಿಗೆ 120 ರೂಪಾಯಿ ಎಂದಿಟ್ಟುಕೊಳ್ಳಿ. ದಾರ, ಮಣಿಗೆ 20 ರೂಪಾಯಿ ಹೋದರೆ ಉಳಿಯುವುದು 100. ಐದು ಗಂಟೆ ಹಿಡಿದರೆ ಗಂಟೆಗೆ 20 ರೂಪಾಯಿ. ಕೊಟ್ಟು ತರಲು ಓಡಾಡಿದ ಸಮಯ, ಸರಿಯಿಲ್ಲವೆಂದು ವಾಪಸ್ ಬಂದ ಪೀಸ್ ಸೇರಿಸಿದರೆ ಇನ್ನೂ ಕಡಿಮೆ. ಎಂಟು ಗಂಟೆಯ ಲೆಕ್ಕ ಹಾಕಿ ಕಾರ್ಖಾನೆಯ ದಿನಗೂಲಿಯೊಂದಿಗೆ ಹೋಲಿಸಿದರೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಭಾರತದಲ್ಲಿ ಮನೆಯಲ್ಲಿ ಉಡುಪಿನ ಕೆಲಸ ಮಾಡುವ 1,452 ಮಂದಿಯನ್ನು ಮಾತನಾಡಿಸಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 2019ರಲ್ಲಿ ಒಂದು ವರದಿ ಬಂತು. ಬಹುತೇಕರು ಮಹಿಳೆಯರು. ಹಲವರ ಸಂಪಾದನೆ ಗಂಟೆಗೆ ಸುಮಾರು 15 ಸೆಂಟ್, ಅಂದರೆ ಆಗಿನ ಲೆಕ್ಕದಲ್ಲಿ 10 ರೂಪಾಯಿ ಆಸುಪಾಸು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2021ರ ವರದಿ ಪ್ರಕಾರ, ಕೊರೋನಾಗೆ ಮೊದಲೇ ಜಗತ್ತಿನಲ್ಲಿ ಸುಮಾರು 26 ಕೋಟಿ ಜನ ಮನೆಯಿಂದ ದುಡಿಯುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರು.

“ಮನೆಯಲ್ಲಿ ಮಾಡಿದರೆ ಪಿಎಫ್ ಇಲ್ಲ” ಎಂಬುದು ನಿಜವೇ?

ಏಜೆಂಟರು ಹೇಳುವ ಮಾತು ಇದು: “ನೀವು ನಮ್ಮ ಕೆಲಸಗಾರರಲ್ಲ ಅಮ್ಮ, ಇದು ನಿಮ್ಮದೇ ಬಿಸಿನೆಸ್.” ಬಹಳಷ್ಟು ಜನ ಇದನ್ನು ನಂಬಿದ್ದಾರೆ. ಇದು ಪೂರ್ತಿ ನಿಜವಲ್ಲ.

ಮಹಾರಾಷ್ಟ್ರದ ಮರಾಠವಾಡದಲ್ಲಿ ಗೋದಾವರಿ ಗಾರ್ಮೆಂಟ್ಸ್ ಎಂಬ ಸಂಸ್ಥೆ ಇತ್ತು. ಕತ್ತರಿಸಿದ ಬಟ್ಟೆ, ದಾರ, ಗುಂಡಿಗಳನ್ನು ಅದು ಮಹಿಳೆಯರಿಗೆ ಕೊಡುತ್ತಿತ್ತು. ಅವರು ಮನೆಯಲ್ಲಿ, ತಮ್ಮದೇ ಮಷೀನಿನಲ್ಲಿ ಹೊಲಿದು ಕೊಡುತ್ತಿದ್ದರು. ಹಣ ಪೀಸಿನ ಲೆಕ್ಕದಲ್ಲಿ. ಪಿಎಫ್ ಕಟ್ಟಿ ಎಂದು ಪಿಎಫ್ ಕಚೇರಿ ಕೇಳಿದಾಗ, ಇವರು ನಮ್ಮ ನೌಕರರಲ್ಲ ಎಂದಿತು ಸಂಸ್ಥೆ. ಹೈಕೋರ್ಟ್ ಸಂಸ್ಥೆಯ ಪರವಾಗಿತ್ತು. ಆದರೆ 2019ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿ, ಈ ಮಹಿಳೆಯರೂ ಪಿಎಫ್ ಕಾಯಿದೆಯಡಿ ನೌಕರರೇ ಎಂದಿತು. ಕಾರಣ ಸರಳ: ಬಟ್ಟೆ ಕೊಟ್ಟದ್ದು ಸಂಸ್ಥೆ, ಕೂಲಿ ಕೊಟ್ಟದ್ದು ಸಂಸ್ಥೆ, ಸರಿಯಿಲ್ಲದ್ದನ್ನು ತಿರಸ್ಕರಿಸುವ ಅಧಿಕಾರವೂ ಸಂಸ್ಥೆಯದೇ. ಹೊಲಿದ ಜಾಗ ಮನೆ ಎಂಬುದು, ಮಷೀನು ಸ್ವಂತದ್ದು ಎಂಬುದು ಇದನ್ನು ಬದಲಿಸುವುದಿಲ್ಲ.

ಇದು ಹೊಸ ವಿಚಾರವೂ ಅಲ್ಲ. 1948ರ ಕನಿಷ್ಠ ವೇತನ ಕಾಯಿದೆಯಲ್ಲೇ, ಬೇರೆಯವರು ಕೊಟ್ಟ ಸಾಮಗ್ರಿಯನ್ನು ಮಾರಾಟಕ್ಕಾಗಿ ಮನೆಯಲ್ಲಿ ಹೊಲಿದು, ಅಲಂಕರಿಸಿ ಕೊಡುವವರನ್ನೂ “ನೌಕರ” ಎಂದೇ ಹೇಳಲಾಗಿತ್ತು. ನಮ್ಮ ರಾಜ್ಯದಲ್ಲೇ ಇನ್ನೊಂದು ಉದಾಹರಣೆ ಇದೆ. ದಕ್ಷಿಣ ಕನ್ನಡ, ಉಡುಪಿ ಕಡೆ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಮಹಿಳೆಯರಲ್ಲಿ ಅನೇಕರಿಗೆ ಪಿಎಫ್ ಇದೆ. 1966ರ ಬೀಡಿ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವರನ್ನೂ ಸೇರಿಸಿಕೊಂಡಿತು, 1985ರಲ್ಲಿ ಸುಪ್ರೀಂ ಕೋರ್ಟ್ ಅವರ ಪಿಎಫ್ ಹಕ್ಕನ್ನು ಎತ್ತಿಹಿಡಿಯಿತು. ಬೀಡಿ ಕಟ್ಟುವವರಿಗೆ ಸಾಧ್ಯವಾದದ್ದು ಬಟ್ಟೆ ಹೊಲಿಯುವವರಿಗೆ ಅಸಾಧ್ಯವಲ್ಲ.

ಆದರೆ ಎರಡು ಎಚ್ಚರಿಕೆ. ಅಕ್ಕಪಕ್ಕದವರ ಬ್ಲೌಸ್ ಹೊಲಿದು ಕೊಡುವುದು ನಿಮ್ಮದೇ ವೃತ್ತಿ. ಅದಕ್ಕೆ ಮಾಲೀಕರಿಲ್ಲ, ಪಿಎಫ್ ಪ್ರಶ್ನೆ ಬರುವುದಿಲ್ಲ. ಎರಡನೆಯದು, ತೀರ್ಪು ಇದೆ ಎಂದ ಮಾತ್ರಕ್ಕೆ ಹಣ ತಾನಾಗಿ ಬರುವುದಿಲ್ಲ. ಪಿಎಫ್ ಅನ್ವಯಿಸುವುದು ಸಾಮಾನ್ಯವಾಗಿ 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ. ಕೆಲಸ ಕೊಟ್ಟವರು ಯಾರು ಎಂಬುದಕ್ಕೆ ಪುರಾವೆಯೂ ಬೇಕು.

ದುಡ್ಡು ಕೇಳಿದರೆ ಅದು ಕೆಲಸವಲ್ಲ

ಮೊದಲು ಹೇಳಿದ ಮೆಸೇಜಿಗೆ ಮರಳೋಣ. ಇಂಥ ನಂಬರಿಗೆ ವಾಟ್ಸಾಪ್ ಮಾಡಿದರೆ ಮೋಸಗಾರರು ನಡೆದುಕೊಳ್ಳುವ ರೀತಿ ಹೆಚ್ಚುಕಡಿಮೆ ಒಂದೇ. ಮೊದಲು ಆಧಾರ್ ಫೋಟೋ ಕೇಳುತ್ತಾರೆ. ಆಮೇಲೆ ಐಡಿ ಕಾರ್ಡಿಗೆ ಕೆಲವು ನೂರು ರೂಪಾಯಿ. ನಂತರ ಬಟ್ಟೆ ಕಳಿಸಲು ಡೆಲಿವರಿ ಚಾರ್ಜ್, ಡಿಪಾಸಿಟ್, ಜಿಎಸ್‌ಟಿ. ಕೊಟ್ಟಷ್ಟೂ ಕೇಳುತ್ತಾರೆ, ಬಟ್ಟೆ ಮಾತ್ರ ಬರುವುದಿಲ್ಲ. ಹೆಸರಾಂತ ಪೆನ್ಸಿಲ್ ಕಂಪನಿಯ ಹೆಸರಿನಲ್ಲಿ ಹರಿದಾಡಿದ “ಮನೆಯಲ್ಲೇ ಪ್ಯಾಕಿಂಗ್” ಮೋಸವೂ ಇದೇ ಅಚ್ಚಿನದು. ನಿಜವಾದ ಕೆಲಸದಲ್ಲಿ ಹಣ ಕೆಲಸ ಕೊಡುವವರಿಂದ ನಿಮಗೆ ಬರಬೇಕು, ನಿಮ್ಮಿಂದ ಅವರಿಗೆ ಹೋಗಬಾರದು. ಈಗಾಗಲೇ ಹಣ ಕಳಿಸಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಮನೆಯಲ್ಲೇ ಕೆಲಸ ಬೇಕೆಂದರೆ ಏನು ಮಾಡಬೇಕು?

• ಬಟ್ಟೆ ಯಾವ ಯೂನಿಟ್‌ನಿಂದ ಬರುತ್ತದೆ ಎಂದು ಕೇಳಿ. ಏಜೆಂಟರ ಫೋನ್ ನಂಬರ್ ಮಾತ್ರ ಸಾಲದು, ಯೂನಿಟ್‌ನ ಹೆಸರು, ವಿಳಾಸ ಬೇಕು. ಸಾಧ್ಯವಾದರೆ ಹೋಗಿ ನೋಡಿ ಬನ್ನಿ.

• ಒಂದು ನೋಟ್‌ಬುಕ್ ಇಡಿ. ತಾರೀಖು, ಎಷ್ಟು ಪೀಸ್, ಯಾವ ರೇಟು, ಎಷ್ಟು ಬಾಕಿ ಬರೆದಿಡಿ. ಬಂಡಲ್‌ನ ಫೋಟೋ, ವಾಟ್ಸಾಪ್ ಮಾತುಕತೆ ಅಳಿಸಬೇಡಿ. ನಾಳೆ ಪುರಾವೆ ಆಗುವುದು ಇವೇ.

• ಹಣವನ್ನು ಆದಷ್ಟೂ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ.

• ಇ-ಶ್ರಮ್ ಪೋರ್ಟಲ್‌ನಲ್ಲಿ ಉಚಿತವಾಗಿ ಹೆಸರು ನೋಂದಾಯಿಸಿ. 2021ರ ಆಗಸ್ಟ್‌ನಲ್ಲಿ ಶುರುವಾದ ಇದು ಅಸಂಘಟಿತ ಕಾರ್ಮಿಕರಿಗಾಗಿ ಇದೆ, ಮನೆಯಲ್ಲಿ ದುಡಿಯುವವರೂ ಅದರಲ್ಲಿ ಸೇರುತ್ತಾರೆ.

• ಕಾರ್ಖಾನೆ ಕೆಲಸ ಬಿಡುವ ಮುನ್ನ ಏನು ಕಳೆದುಕೊಳ್ಳುತ್ತೀರಿ ಎಂದು ಲೆಕ್ಕ ಹಾಕಿ. ಇಎಸ್‌ಐ ಇದ್ದರೆ ರಾಜಾಜಿನಗರ ಅಥವಾ ಪೀಣ್ಯದ ಇಎಸ್‌ಐ ಆಸ್ಪತ್ರೆಯಲ್ಲಿ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಪಿಎಫ್‌ನಲ್ಲಿ ನಿಮ್ಮ ಪಾಲಿನಷ್ಟೇ ಹಣ ಮಾಲೀಕರ ಕಡೆಯಿಂದಲೂ ಸೇರುತ್ತದೆ.

• ಮಗುವಿಗಾಗಿ ಕೆಲಸ ಬಿಡುತ್ತಿದ್ದರೆ ಮೊದಲು ಶಿಶುಪಾಲನಾ ಕೇಂದ್ರದ ಬಗ್ಗೆ ಕೇಳಿ. 30ಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆಯಲ್ಲಿ ಅದು ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಕೇಳುವವರಿಲ್ಲದಿದ್ದರೆ ಅದು ಬೀಗ ಹಾಕಿದ ಕೋಣೆಯಾಗಿ ಉಳಿಯಬಹುದು.

ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಪಿಎಫ್ ಎಂದರೆ ಏನೆಂದು ಇಡೀ ದೇಶಕ್ಕೆ ತೋರಿಸಿದವರು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣವನ್ನು 58 ವರ್ಷದವರೆಗೆ ಪೂರ್ತಿ ತೆಗೆಯಲಾಗದಂತೆ ಮಾಡಿದ ನಿಯಮದ ವಿರುದ್ಧ ಸಾವಿರಾರು ಮಂದಿ ರಸ್ತೆಗಿಳಿದರು, ಎರಡನೇ ದಿನವೇ ಕೇಂದ್ರ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಅದು ಒಂದೇ ಲೈನಿನಲ್ಲಿ ಕುಳಿತವರು ಒಟ್ಟಾಗಿ ಎದ್ದಾಗ ಆದದ್ದು. ಮನೆಯಲ್ಲಿ ಒಬ್ಬೊಬ್ಬರೇ ಕುಳಿತು ಹೊಲಿಯುವವರಿಗೆ ಪಕ್ಕದ ಮನೆಯವರಿಗೆ ಯಾವ ರೇಟು ಸಿಗುತ್ತಿದೆ ಎಂಬುದೂ ಗೊತ್ತಿರುವುದಿಲ್ಲ. ಹಾಗಾಗಿ ಗ್ರೂಪಿನಲ್ಲಿ ಏನಾದರೂ ಹಂಚಿಕೊಳ್ಳುವುದಿದ್ದರೆ ನಿಮಗೆ ಸಿಗುತ್ತಿರುವ ರೇಟು ಹಂಚಿಕೊಳ್ಳಿ, ಬಾಕಿ ಉಳಿಸಿಕೊಂಡ ಏಜೆಂಟರ ಬಗ್ಗೆ ಪರಸ್ಪರ ಎಚ್ಚರಿಸಿ. “ತಿಂಗಳಿಗೆ 25,000 ಗ್ಯಾರಂಟಿ” ಎಂಬ ಮೆಸೇಜನ್ನು ಮಾತ್ರ ಮುಂದಕ್ಕೆ ಕಳಿಸಬೇಡಿ.