ದಣಿದ ಗಂಡಸಿಗೆ ಒಂದು ಹಂಡೆ ನೀರು

ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಮೂರು ಬ್ಲಾಸ್ಟ್ ಫರ್ನೇಸ್‌ಗಳಿಗೆ ಗೋದಾವರಿ, ಕೃಷ್ಣಾ, ಅನ್ನಪೂರ್ಣಾ ಎಂದು ಹೆಸರಿಟ್ಟಿದ್ದಾರೆ. ಸುಮಾರು 1,500 ಡಿಗ್ರಿ ಶಾಖದಲ್ಲಿ ಕಬ್ಬಿಣ ಕರಗಿ ಹರಿಯುವ ಕುಲುಮೆಗೆ ನದಿಯ ಹೆಸರು. ಯಾರು ಇಟ್ಟರೋ, ಅವರಿಗೆ ಬೆಂಕಿಯ ಮುಂದೆ ನಿಂತವನಿಗೆ ಏನು ಬೇಕು ಎಂಬುದು ಗೊತ್ತಿತ್ತೆನಿಸುತ್ತದೆ. ಆದರೆ ‘ಕೃಷ್ಣಾ’ದ ಎದುರು ರಾತ್ರಿ ಪಾಳಿ ಮುಗಿಸಿದವನಿಗೆ ಮನೆಯಲ್ಲಿ ಸಿಗುವುದು ಒಂದು ಬಕೆಟ್ ನೀರು, ಒಂದು ಮಗ್ಗು. ಐದು ನಿಮಿಷದಲ್ಲಿ ಸ್ನಾನ ಮುಗಿಯುತ್ತದೆ. ಮೈಯ ಕೊಳೆ ಹೋಗುತ್ತದೆ, ದಣಿವು ಅಲ್ಲೇ ಉಳಿಯುತ್ತದೆ.

ಅದೇ ನಗರದಲ್ಲೂ, ಮುನ್ನೂರೈವತ್ತು ಕಿಲೋಮೀಟರ್ ಆಚೆಯ ವಿಜಯವಾಡದಲ್ಲೂ ‘ಗಂಡಸರ ಒತ್ತಡ ನಿವಾರಣೆಗೆ ಮಿನರಲ್ ಬಾತ್’ ಎಂಬ ಜಾಹೀರಾತುಗಳು ಈಗ ಫೋನಿನಲ್ಲಿ ಕಾಣಿಸಿಕೊಳ್ಳುತ್ತವೆ. ಚಿತ್ರದಲ್ಲಿ ಮಂದ ಬೆಳಕು, ಮೋಂಬತ್ತಿ, ತೊಟ್ಟಿಯ ತುಂಬ ನೊರೆ. ಖನಿಜಗಳು ಚರ್ಮದ ಮೂಲಕ ಒಳಗಿಳಿದು ಸ್ನಾಯುಗಳನ್ನು ಸಡಿಲಗೊಳಿಸುತ್ತವೆ, ವಿಷವನ್ನು ಹೊರಗೆಳೆಯುತ್ತವೆ ಎಂಬ ಭರವಸೆ. ಇದನ್ನು ನೋಡಿ ನಗುವುದು ಸುಲಭ. ಆದರೆ ನಕ್ಕು ಸುಮ್ಮನಾದರೆ ಇದರ ಹಿಂದಿರುವ ನಿಜವಾದ ಹಸಿವನ್ನು ಕಡೆಗಣಿಸಿದಂತಾಗುತ್ತದೆ. ದಣಿದ ಗಂಡಸು ನೀರಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರಲು ಬಯಸುತ್ತಾನೆ. ಆ ಬಯಕೆ ನ್ಯಾಯವಾದದ್ದು. ಅದನ್ನು ಈಡೇರಿಸುವ ಜಾಗ ಮಾತ್ರ ತಪ್ಪಾಗಿದೆ.

ಮೊದಲು ಉಪ್ಪಿನ ವಿಷಯ ಮುಗಿಸಿಬಿಡಬಹುದು. ಇಂಥ ತೊಟ್ಟಿಗಳಿಗೆ ಹೆಚ್ಚಾಗಿ ಸುರಿಯುವುದು ಎಪ್ಸಮ್ ಉಪ್ಪು, ಅಂದರೆ ಮೆಗ್ನೀಸಿಯಮ್ ಸಲ್ಫೇಟ್. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದು ಹೊಸದಲ್ಲ, ಮರದ ಬುಡಕ್ಕೆ ಹಾಕುವ ಗೊಬ್ಬರ. ಗುಂಟೂರು ಕಡೆಯ ಹತ್ತಿ ಬೆಳೆಗಾರರು ಎಲೆ ಕೆಂಪಾದಾಗ ಇದನ್ನೇ ಸಿಂಪಡಿಸುತ್ತಾರೆ. ಗಿಡದ ಎಲೆ ಇದನ್ನು ಹೀರಿಕೊಳ್ಳುತ್ತದೆ. ಮನುಷ್ಯನ ಚರ್ಮದ ಕಥೆ ಬೇರೆ. ಹೊರಗಿನದನ್ನು ಹೊರಗೇ ಇಡುವುದು ಚರ್ಮದ ಮುಖ್ಯ ಕೆಲಸ. ಚರ್ಮದ ಮೂಲಕ ಮೆಗ್ನೀಸಿಯಮ್ ದೇಹ ಸೇರುತ್ತದೆಂಬ ವಾದವನ್ನು ಪರಿಶೀಲಿಸಿ ‘ನ್ಯೂಟ್ರಿಯೆಂಟ್ಸ್’ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ವಿಮರ್ಶೆ, ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂಬ ತೀರ್ಮಾನಕ್ಕೆ ಬಂದಿತ್ತು. ಇನ್ನು ‘ವಿಷ ಹೊರಗೆಳೆಯುವುದು’ ಮೂತ್ರಪಿಂಡ ಮತ್ತು ಯಕೃತ್ತು ದಿನವೂ ಬಿಟ್ಟಿಯಾಗಿ ಮಾಡುವ ಕೆಲಸ. ತೊಟ್ಟಿಗೆ ಅದು ಬರುವುದಿಲ್ಲ.

ಹಾಗಾದರೆ ನೆನೆಯುವುದರಿಂದ ಆಗುವ ಸುಖ ಬರೀ ಭ್ರಮೆಯೇ? ಅಲ್ಲ. ಕೆಲಸ ಮಾಡುವುದು ಉಪ್ಪಿಗಿಂತ ಹೆಚ್ಚಾಗಿ ನೀರು. ಕುತ್ತಿಗೆಯವರೆಗೆ ನೀರಿನಲ್ಲಿ ನಿಂತರೆ ಕಾಲುಗಳು ಹೊರಬೇಕಾದ ಭಾರ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ದಿನವಿಡೀ ನಿಂತ ಮಂಡಿಗೆ, ಮೂಟೆ ಹೊತ್ತ ಬೆನ್ನಿಗೆ ಇದಕ್ಕಿಂತ ದೊಡ್ಡ ರಜೆ ಇಲ್ಲ. ನೀರಿನ ಒತ್ತಡ ಕಾಲುಗಳಲ್ಲಿ ನಿಂತ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಬಿಸಿಯಿಂದ ರಕ್ತನಾಳಗಳು ಹಿಗ್ಗುತ್ತವೆ, ಬಿಗಿದ ಸ್ನಾಯು ಸಡಿಲವಾಗುತ್ತದೆ. ಮಲಗುವ ಒಂದೆರಡು ಗಂಟೆ ಮೊದಲು 40ರಿಂದ 42.5 ಡಿಗ್ರಿಯ ನೀರಿನಲ್ಲಿ ಹತ್ತು ನಿಮಿಷ ಕಳೆದರೂ ನಿದ್ದೆ ಬೇಗ ಹತ್ತುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2019ರ ವಿಶ್ಲೇಷಣೆ ಹೇಳಿದೆ. ತಣ್ಣೀರಿನಲ್ಲಿ ಮುಳುಗುವುದರಿಂದ ಶ್ರಮದ ಮಾರನೇ ದಿನದ ಮೈನೋವು ಕಡಿಮೆಯಾಗುತ್ತದೆ ಎನ್ನುವುದಕ್ಕೂ ಒಂದಷ್ಟು ಪುರಾವೆ ಇದೆ. 2012ರ ಕಾಕ್ರೇನ್ ವಿಮರ್ಶೆ ನೋಡಿದ್ದು 17 ಸಣ್ಣ ಪ್ರಯೋಗಗಳನ್ನು, ಒಟ್ಟು 366 ಜನರನ್ನು. ಪವಾಡವೆನ್ನಲು ಇಷ್ಟು ಸಾಲದು, ಆದರೆ ತಳ್ಳಿಹಾಕುವಂತೆಯೂ ಇಲ್ಲ.

ಕನ್ನಡದ ಮನೆಗಳಿಗೆ ಇದನ್ನು ಹೇಳಿಕೊಡಲು ಯಾವ ಪತ್ರಿಕೆಯೂ ಬೇಕಿರಲಿಲ್ಲ. ದೀಪಾವಳಿಯ ಮೊದಲ ದಿನಕ್ಕೆ ‘ನೀರು ತುಂಬುವ ಹಬ್ಬ’ ಎಂದೇ ಹೆಸರು. ಹಂಡೆ ತೊಳೆದು, ಸುಣ್ಣದ ಗೆರೆ ಎಳೆದು, ನೀರು ತುಂಬಿ, ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ಮೀಯುವುದು. ತೆಲುಗರ ‘ತಲಂಟು’, ಸುನ್ನಿಪಿಂಡಿ ಹಚ್ಚಿ ಉಜ್ಜುವ ಸ್ನಾನ ಇದರದೇ ಒಡಹುಟ್ಟು. ಪುತ್ತೂರಿನ ಇರ್ದೆಯ ಬೆಂದ್ರ್ ತೀರ್ಥದಲ್ಲಿ ಗಂಧಕದ ವಾಸನೆಯ ಬಿಸಿನೀರು ನೆಲದಿಂದಲೇ ಉಕ್ಕುತ್ತದೆ, ಚರ್ಮದ ಕಾಯಿಲೆ ವಾಸಿಯಾದೀತೆಂದು ಜನ ಅಲ್ಲಿಗೆ ಹೋಗಿ ಮೀಯುತ್ತಾರೆ. ಇನ್ನು ಬಾಣಂತಿ ಸ್ನಾನ. ದೇಹ ತನ್ನ ಶಕ್ತಿಯ ಕೊನೆ ಮುಟ್ಟಿದಾಗ ಅದಕ್ಕೆ ಬಿಸಿನೀರು, ಎಣ್ಣೆ, ಇನ್ನೊಬ್ಬರ ಕೈ ಮತ್ತು ವಿಶ್ರಾಂತಿ ಬೇಕು ಎಂದು ಈ ಸಮಾಜ ಒಪ್ಪಿಕೊಂಡ ಸಂದರ್ಭವದು. ಗಂಡಸಿನ ಮೈಗೆ ಹಾಗೆ ಒಪ್ಪಿಕೊಂಡದ್ದು ಗರಡಿಮನೆಯಲ್ಲಿ ಮಾತ್ರ. ಪೈಲ್ವಾನನ ಮೈ ಉಜ್ಜಬಹುದು, ಹಮಾಲಿಯ ಮೈ ಉಜ್ಜುವವರಿಲ್ಲ.

ಆಂಧ್ರಕ್ಕೆ ಈ ವಿಷಯದಲ್ಲಿ ಇನ್ನೂ ಹತ್ತಿರದ ಇತಿಹಾಸವಿದೆ. ಜರ್ಮನಿಯ ಲೂಯಿ ಕೂನೆ ತೊಟ್ಟಿಯ ನೀರಿನಲ್ಲಿ ಸೊಂಟದವರೆಗೆ ಕೂರುವ ಕಟಿಸ್ನಾನವನ್ನು ಚಿಕಿತ್ಸೆಯಾಗಿ ಪ್ರಚಾರ ಮಾಡಿದವನು. ಅವನ ಪುಸ್ತಕವನ್ನು ಡಿ. ವೆಂಕಟಚಲಪತಿ ಶರ್ಮಾ 1894ರಲ್ಲಿ ತೆಲುಗಿಗೆ ತಂದರು. ಭಾರತದ ಪ್ರಕೃತಿ ಚಿಕಿತ್ಸಾ ಚಳವಳಿ ಶುರುವಾದದ್ದು ಈ ಅನುವಾದದಿಂದ ಎಂದೇ ಅದರ ಇತಿಹಾಸಕಾರರು ಬರೆಯುತ್ತಾರೆ. ಹಿಂದಿ, ಉರ್ದು ಅನುವಾದಗಳು ಬಂದದ್ದು ಹತ್ತು ವರ್ಷದ ನಂತರ. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲೇ ಕೂನೆಯ ಸ್ನಾನಗಳನ್ನು ಪ್ರಯೋಗಿಸಿದ್ದರು, 1946ರಲ್ಲಿ ಪುಣೆ ಬಳಿಯ ಉರುಳಿಕಾಂಚನದಲ್ಲಿ ಹಳ್ಳಿಗರಿಗಾಗಿ ಪ್ರಕೃತಿ ಚಿಕಿತ್ಸಾ ಕೇಂದ್ರ ತೆರೆದರು. ಕೂನೆ ಹೇಳಿದ್ದೆಲ್ಲ ಇಂದು ನಿಲ್ಲುವುದಿಲ್ಲ, ಎಲ್ಲ ರೋಗಕ್ಕೂ ಒಂದೇ ಮೂಲ ಎಂಬ ಅವನ ಸಿದ್ಧಾಂತವನ್ನು ವೈದ್ಯಶಾಸ್ತ್ರ ಬದಿಗಿಟ್ಟಿದೆ. ಗಮನಿಸಬೇಕಾದದ್ದು ಬೇರೆ. ಅದು ಬಡವನ ಕೈಗೆಟುಕಲಿ ಎಂದು ಹುಟ್ಟಿದ ಚಿಕಿತ್ಸೆ. ತಗಡಿನ ತೊಟ್ಟಿ, ಬಾವಿಯ ನೀರು, ಅರ್ಧ ಗಂಟೆ ಬಿಡುವು ಇದ್ದರೆ ಸಾಕಿತ್ತು. ನೂರಿಪ್ಪತ್ತೈದು ವರ್ಷಗಳಲ್ಲಿ ಅದೇ ನೀರು ಮೋಂಬತ್ತಿಯ ಬೆಳಕಿಗೆ ಬಂದು ಗಂಟೆಯ ಲೆಕ್ಕದಲ್ಲಿ ಮಾರಾಟವಾಗುತ್ತಿದೆ.

ಅದನ್ನು ಕೊಳ್ಳಬಲ್ಲವನಿಗೂ ಮುಜುಗರ ತಪ್ಪಿಲ್ಲ. ಪತ್ರಿಕೆಗಳಲ್ಲಿ ‘ಸ್ಪಾ’ ಎಂಬ ಪದ ಬಂದರೆ ಪಕ್ಕದಲ್ಲಿ ‘ಪೊಲೀಸ್ ದಾಳಿ’ ಎಂಬ ಪದವೂ ಇರುತ್ತದೆ. ಮರ್ಯಾದಸ್ಥ ಗುಮಾಸ್ತನೊಬ್ಬ ಹೆಂಡತಿಗೆ ‘ಬೆನ್ನು ನೋವು, ಸ್ಪಾಗೆ ಹೋಗಿ ಬರುತ್ತೇನೆ’ ಎಂದು ಹೇಳಲಾರ. ಬಾರಿಗೆ ಹೋಗಿಬಂದೆ ಎಂದು ಹೇಳುವುದೇ ಅವನಿಗೆ ಸುಲಭ.

ವಿಷಯದ ತಿರುಳು ಇರುವುದು ಇಲ್ಲೇ. ಗಂಡಸಿನ ದಣಿವಿಗೆ ಸರ್ಕಾರದ ಕಣ್ಣೆದುರು ಇರುವ ಒಂದೇ ಪರಿಹಾರ ಬಾಟಲಿ, ಅದೂ ಬೊಕ್ಕಸ ತುಂಬುವ ಪರಿಹಾರ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿಗಳ ವಿರುದ್ಧ ಎದ್ದು ನಿಂತರು. 1993ರಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಪಾನನಿಷೇಧ ಬಂತು, 1997ರಲ್ಲಿ ಅದು ಸಡಿಲವಾಯಿತು. ಆಮೇಲೆ 2019ರಲ್ಲಿ ಅಂಗಡಿಗಳು ಸರ್ಕಾರದ ಕೈಗೆ ಬಂದವು, 2024ರಲ್ಲಿ ಮತ್ತೆ ಖಾಸಗಿಗೆ ಹೋದವು. ಮೂವತ್ತು ವರ್ಷಗಳ ಈ ಜಗ್ಗಾಟದಲ್ಲಿ ಯಾರು ಮಾರಬೇಕು ಎಂಬ ಚರ್ಚೆ ನಡೆಯಿತೇ ಹೊರತು ಅವನು ಯಾಕೆ ಕುಡಿಯುತ್ತಾನೆ, ಕುಡಿಯದಿದ್ದರೆ ಸಂಜೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಬರಲೇ ಇಲ್ಲ. ಮೈಕೈ ನೋವಿಗೆ ಕ್ವಾರ್ಟರ್ ಎನ್ನುವುದು ನೆಪವೂ ಹೌದು, ನಿಜವೂ ಹೌದು. ಸ್ನಾನದ ಮನೆ ಕಟ್ಟಿದರೆ ಕುಡಿತ ನಿಲ್ಲುತ್ತದೆ ಎಂದು ಹೇಳಿದರೆ ಅದು ಸ್ಪಾದ ಜಾಹೀರಾತಿನಷ್ಟೇ ಸುಳ್ಳಾದೀತು. ಆದರೆ ಪಾಳಿ ಮುಗಿದ ಮೇಲೆ ಹೋಗಲು ಇನ್ನೊಂದು ಬಾಗಿಲು ತೆರೆದಿರಬೇಕು ಎನ್ನುವುದಕ್ಕೆ ಪುರಾವೆ ಬೇಡ.

ಇದು ಹೊಸ ಕನಸಲ್ಲ. 1948ರ ಕಾರ್ಖಾನೆ ಕಾಯ್ದೆ ತನ್ನ 42ನೇ ಸೆಕ್ಷನ್‌ನಲ್ಲಿ ಕಾರ್ಮಿಕರಿಗೆ ಸಾಕಷ್ಟು ತೊಳೆದುಕೊಳ್ಳುವ ಸೌಲಭ್ಯ ಇರಬೇಕು ಎಂದಿತ್ತು. ಗಣಿಗಳ ಬಾಯಲ್ಲೇ ಸ್ನಾನಗೃಹ ಇರಬೇಕೆಂದು 1959ರಲ್ಲಿ ಪ್ರತ್ಯೇಕ ನಿಯಮಗಳಾದವು. ಕಾರ್ಮಿಕನ ಮೈ ಕೂಡ ಮಾಲೀಕನ ಹೊಣೆ ಎಂಬ ತಿಳಿವಳಿಕೆ ಇವುಗಳಲ್ಲಿತ್ತು. ಮುಂದಿನ ಹೆಜ್ಜೆ, ಅಂದರೆ ತೊಳೆಯುವುದರಿಂದ ನೆನೆಯುವುದಕ್ಕೆ ಹೋಗುವ ಹೆಜ್ಜೆ, ಬರಲಿಲ್ಲ. ಜಪಾನಿನಲ್ಲಿ ಅದು ಬಂತು. ಅಲ್ಲಿಯ ‘ಸೆಂಟೊ’ ಎಂಬ ಬೀದಿಯ ಸಾರ್ವಜನಿಕ ಸ್ನಾನದ ಮನೆಗಳ ಶುಲ್ಕವನ್ನು ಸ್ಥಳೀಯ ಸರ್ಕಾರವೇ ಮಿತಿಗೊಳಿಸುತ್ತದೆ. ಮೊದಲು ಹೊರಗೆ ಸೋಪು ಹಚ್ಚಿ ಪೂರ್ತಿ ತೊಳೆದುಕೊಳ್ಳಬೇಕು, ಆಮೇಲಷ್ಟೇ ಎಲ್ಲರೂ ಕೂರುವ ಬಿಸಿನೀರಿಗೆ ಇಳಿಯಬೇಕು. ಮೇಸ್ತ್ರಿಯೂ ಮೇಷ್ಟರೂ ಒಂದೇ ನೀರಿನಲ್ಲಿ.

ಒಂದೇ ನೀರು ಎಂದಾಗಲೇ ನಮ್ಮಲ್ಲಿ ತೊಡಕು ಶುರುವಾಗುವುದು. ಕೆರೆ, ಕಲ್ಯಾಣಿ, ಪುಷ್ಕರಣಿಗಳಿಗೆ ನಮ್ಮಲ್ಲಿ ಕೊರತೆ ಇರಲಿಲ್ಲ. ಯಾರು ಇಳಿಯಬಹುದು ಎಂಬ ಕಟ್ಟಳೆಗೂ ಕೊರತೆ ಇರಲಿಲ್ಲ. ಅಂಬೇಡ್ಕರ್ 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಬೇಕಾಗಿ ಬಂದದ್ದು ಅದಕ್ಕೇ. ಸಾರ್ವಜನಿಕ ಸ್ನಾನದ ಮನೆ ಈ ನಾಡಿನಲ್ಲಿ ಬೆಳೆಯದೆ ಹೋದದ್ದಕ್ಕೆ ಹಣದ ಕೊರತೆಗಿಂತ ಇದು ದೊಡ್ಡ ಕಾರಣವಿದ್ದೀತು. ಹಾಗಾಗಿ ಆಟೋನಗರದ ಗ್ರೀಸಿನ ಕೈ, ಮೀನುಗಾರಿಕಾ ಬಂದರಿನ ಉಪ್ಪಿನ ಕೈ, ಪೌರಕಾರ್ಮಿಕನ ಕೈ ಒಂದೇ ತೊಟ್ಟಿಯ ಅಂಚು ಹಿಡಿಯುವಂತಾದರೆ, ಅದು ಬೆನ್ನುನೋವಿಗಿಂತ ಹಳೆಯ ನೋವಿಗೂ ಮದ್ದು.

ಆಕ್ಷೇಪಗಳಿವೆ. ಮೇ ತಿಂಗಳ ವಿಜಯವಾಡದಲ್ಲಿ ಬಿಸಿನೀರು ಯಾರಿಗೆ ಬೇಕು? ಆ ಊರಿಗೆ ‘ಬ್ಲೇಜ್‌ವಾಡ’ ಎಂಬ ಅಡ್ಡಹೆಸರೇ ಇದೆ. ಸರಿ, ಅಲ್ಲಿ ಬೇಕಾದದ್ದು ತಣ್ಣನೆಯ ತೊಟ್ಟಿ. ಲಾರಿ ಬಾಡಿ ಕಟ್ಟುವ ಶೆಡ್ಡಿನ ತಗಡಿನ ಕೆಳಗೆ ದುಡಿದು ಮೈ ಕಾದವನಿಗೆ ತಣ್ಣೀರಿನಲ್ಲಿ ಮುಳುಗುವುದು ಸುಖಕ್ಕಷ್ಟೇ ಅಲ್ಲ, ದುಡಿಮೆಯಿಂದಾಗುವ ಉಷ್ಣಾಘಾತಕ್ಕೆ ವೈದ್ಯರು ಸೂಚಿಸುವ ತುರ್ತು ಚಿಕಿತ್ಸೆಯೂ ಅದೇ. ವಿಶಾಖಪಟ್ಟಣದ ಕಡಲ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ. ಅಲ್ಲೂ ಬೇಸಗೆಗೆ ತಣ್ಣೀರು, ಚಳಿಗೆ ಬಿಸಿನೀರು. ಎದುರಿಗೇ ಸಮುದ್ರವಿದೆಯಲ್ಲ ಎನ್ನಬಹುದು. ಉಪ್ಪುನೀರಿನ ಬಂಗಾಳ ಕೊಲ್ಲಿಗಿಂತ ದೊಡ್ಡ ಖನಿಜ ಸ್ನಾನ ಇನ್ನೊಂದಿಲ್ಲ, ನಿಜ. ಆದರೆ ಆರ್‌ಕೆ ಬೀಚಿನ ಸೆಳೆತ ಎಷ್ಟು ಜನರನ್ನು ಒಯ್ದಿದೆ ಎಂದು ಆ ಊರಿನವರಿಗೆ ಗೊತ್ತು.

ನೀರು ದಂಡವಾಗುತ್ತದೆ ಎಂಬ ಮಾತಿಗೆ ತೂಕವಿದೆ. ಒಬ್ಬನ ತೊಟ್ಟಿಗೆ ಹತ್ತು ಬಕೆಟ್ ನೀರು ಸುರಿಯುವುದು ಬೇಸಗೆಯಲ್ಲಿ ಟ್ಯಾಂಕರಿಗೆ ಕಾಯುವ ನಗರಕ್ಕೆ ಅವಮಾನ. ಆದರೆ ಶೋಧಿಸಿ, ಕ್ಲೋರಿನ್ ಹಾಕಿ ಮರುಬಳಸುವ ಒಂದು ಕೊಳ ನೂರಾರು ಜನರಿಗಾಗುತ್ತದೆ. ಆ ಶುಚಿಗೆ ಖರ್ಚೂ ಶಿಸ್ತೂ ಬೇಕು. ಬೆಚ್ಚಗಿನ ನಿಂತ ನೀರು ಲೀಜನೆಲ್ಲಾದಂಥ ರೋಗಾಣುಗಳಿಗೂ ಇಷ್ಟವಾದ ಜಾಗ.

ಹೆಂಗಸರ ಮಾತೇನು ಎಂಬುದು ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ. ಪಾಳಿ ಮುಗಿಸಿ ಬಂದವನಿಗೆ ನೀರು ಕಾಯಿಸಿಡುವವಳ ಪಾಳಿ ಮುಗಿಯುವುದೇ ಇಲ್ಲ. ಗಂಡಸರಿಗೆ ಮಾತ್ರ ಎಂಬ ಬೋರ್ಡು ಜಾಹೀರಾತಿಗೆ ಸರಿ, ಊರಿನ ದುಡ್ಡಿನಲ್ಲಿ ಕಟ್ಟುವ ಮನೆಗೆ ಎರಡು ಬಾಗಿಲಿರಬೇಕು, ಹೆಂಗಸರ ಬಾಗಿಲು ಮೊದಲು ತೆರೆಯಬೇಕು. ಮನೆಯ ಒಲೆಯ ಮುಂದಿನ ಕೆಲಸದಿಂದ ಒಂದು ಗಂಟೆ ಬಿಡುವು ಸಿಗದಿದ್ದರೆ ಆ ಬಾಗಿಲಿದ್ದೂ ಪ್ರಯೋಜನವಿಲ್ಲ.

ಎಚ್ಚರಿಕೆಯ ಮಾತುಗಳನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಕುಡಿದು ಬಿಸಿನೀರಿಗೆ ಇಳಿಯಬಾರದು, ರಕ್ತದೊತ್ತಡ ಕುಸಿದು ಪ್ರಜ್ಞೆ ತಪ್ಪಿದರೆ ಮೊಣಕಾಲುದ್ದದ ನೀರೂ ಸಾಕು ಪ್ರಾಣಕ್ಕೆ. ಹೃದ್ರೋಗ ಇರುವವರು ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿ ತಿಳಿಯುವುದಿಲ್ಲ, ಸುಟ್ಟ ಮೇಲೆ ಗೊತ್ತಾಗುತ್ತದೆ. ಮಗು ಬಯಸುವ ಗಂಡಸರು ದಿನವೂ ಬಿಸಿನೀರಿನಲ್ಲಿ ಕೂರುವುದು ಬೇಡ, ಶಾಖ ವೀರ್ಯಾಣುಗಳ ಸಂಖ್ಯೆಯನ್ನು ಇಳಿಸುತ್ತದೆ.

ಜಾಗಕ್ಕೇನೂ ಬರವಿಲ್ಲ. 2016ರ ಆಗಸ್ಟಿನಲ್ಲಿ ಕೃಷ್ಣಾ ಪುಷ್ಕರ ಬಂದಾಗ ವಿಜಯವಾಡದ ದಡದುದ್ದಕ್ಕೂ ಘಾಟ್‌ಗಳನ್ನು ಸಜ್ಜುಗೊಳಿಸಿದ್ದರು. ಬಟ್ಟೆ ಬದಲಿಸುವ ಕೋಣೆ, ಷವರ್, ಕಾವಲು ಎಲ್ಲವೂ ಇತ್ತು. ಹನ್ನೆರಡು ದಿನಗಳಿಗಾಗಿ, ಪುಣ್ಯಕ್ಕಾಗಿ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಮುಂದಿನ ಪುಷ್ಕರ 2028ಕ್ಕೆ. ಮತ್ತೆ ಮೆಟ್ಟಿಲು ಕಟ್ಟುತ್ತಾರೆ, ದೀಪ ಹಾಕುತ್ತಾರೆ. ಆ ಖರ್ಚಿನ ಒಂದು ಪಾಲು ಆಟೋನಗರದ ಬಳಿ ಒಂದು, ವಿಶಾಖಪಟ್ಟಣದ ಬಂದರಿನ ಬಳಿ ಒಂದು ಸ್ನಾನದ ಮನೆಗೆ ಹೋದರೆ, ಅದು ಹನ್ನೆರಡು ದಿನದ ಬದಲು ಹನ್ನೆರಡು ವರ್ಷವೂ ತೆರೆದಿರುತ್ತದೆ.

ಅಲ್ಲಿಯವರೆಗೆ ಪಾಳಿ ಮುಗಿಸಿ ಬಂದವನು ಮಾಡಬಹುದಾದದ್ದು ಇಷ್ಟು. ಅದೇ ಬಕೆಟ್ಟಿಗೆ ಉಗುರು ಬೆಚ್ಚಗಿನ ನೀರು ಹಾಕಿ, ಮನಸ್ಸಿದ್ದರೆ ಅಡುಗೆಮನೆಯ ಉಪ್ಪು ಒಂದು ಹಿಡಿ ಸೇರಿಸಿ, ಫೋನು ದೂರವಿಟ್ಟು, ಕಾಲು ಅದರಲ್ಲಿಟ್ಟು ಹದಿನೈದು ನಿಮಿಷ ಕೂರುವುದು. ಆಮೇಲೆ ಇನ್ನೊಂದು ಬಕೆಟ್ ಬೆಚ್ಚಗೆ ಮಾಡಿ, ಮನೆಯಲ್ಲಿ ಅವನಷ್ಟೇ ದಣಿದವರ ಕಾಲ ಬಳಿ ತಂದಿಡುವುದು.