ಯಂತ್ರ ಖಾಲಿ ಜಾಗ ತುಂಬುವ ನಿಯಮ ಹಳ್ಳಿಯ ಮಕ್ಕಳಿಗೂ ಗೊತ್ತಿರಲಿ

ನವಲಗುಂದ ತಾಲೂಕಿನ ಮೊರಬದಲ್ಲಿ ಪಡೆದ ಆದಾಯ ಪ್ರಮಾಣಪತ್ರಕ್ಕೂ ಕುಂದಗೋಳ ತಾಲೂಕಿನ ಸಂಶಿಯಲ್ಲಿ ಪಡೆದ ಪ್ರಮಾಣಪತ್ರಕ್ಕೂ ಒಕ್ಕಣೆಯಲ್ಲಿ ವ್ಯತ್ಯಾಸವಿರುವುದಿಲ್ಲ. ಹೆಸರು, ತಂದೆಯ ಹೆಸರು, ಊರು, ಮೊತ್ತ ಇಷ್ಟೇ ಬೇರೆ. ಯಾರೋ ಒಮ್ಮೆ ಬರೆದಿಟ್ಟ ಮಾತಿನ ನಡುವೆ ಖಾಲಿ ಜಾಗಗಳಿರುತ್ತವೆ. ಅರ್ಜಿ ಬಂದಾಗ ಗಣಕ ಆ ಜಾಗಗಳಿಗೆ ಆಯಾ ಅರ್ಜಿದಾರರ ವಿವರ ಕೂರಿಸುತ್ತದೆ. ಸುಮಾರು 2 ಕೋಟಿ ಪಹಣಿಗಳನ್ನು, ಅಂದರೆ ನಮ್ಮ ಭಾಗದ ರೈತರ ಬಾಯಲ್ಲಿ ಉತಾರಗಳನ್ನು, ಭೂಮಿ ಯೋಜನೆ ಗಣಕಕ್ಕೆ ಏರಿಸಿ ಎರಡು ದಶಕ ದಾಟಿವೆ. ಬೆಳೆವಿಮೆ, ಬೆಳೆಹಾನಿ ಪರಿಹಾರ, ರೈತರ ವಿವರ ದಾಖಲಿಸುವ ಫ್ರೂಟ್ಸ್ ನೋಂದಣಿ ಎಲ್ಲವೂ ಈಗ ಇದೇ ದಾರಿಯಲ್ಲಿ ನಡೆಯುತ್ತಿವೆ. ಹಳ್ಳಿಯ ಬದುಕು ಹೀಗೆ ಯಂತ್ರ ತುಂಬುವ ಖಾಲಿ ಜಾಗಗಳ ಮೇಲೆ ನಿಂತಿರುವಾಗ, ಆ ಜಾಗ ತುಂಬುವ ನಿಯಮವನ್ನು ಹಳ್ಳಿಯ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ, ಬುಡದಿಂದ ಕಲಿಸಬೇಕು ಎಂಬುದು ನನ್ನ ವಾದ. ಅದನ್ನು ಕಲಿಸಲು ಶೆಲ್‌ಗಿಂತ ಒಳ್ಳೆಯ ಸಾಧನ ನನಗೆ ಕಾಣುತ್ತಿಲ್ಲ.

ಶೆಲ್ ಎಂದರೆ ನಾವು ಟೈಪ್ ಮಾಡಿದ ಆಜ್ಞೆಯ ಸಾಲನ್ನು ಓದಿ ಗಣಕದಿಂದ ಕೆಲಸ ಮಾಡಿಸುವ ತಂತ್ರಾಂಶ. ಸ್ಟೀಫನ್ ಬೋರ್ನ್ ರೂಪಿಸಿದ ಶೆಲ್ 1979ರಲ್ಲಿ ಯುನಿಕ್ಸ್‌ನ ಏಳನೇ ಆವೃತ್ತಿಯೊಂದಿಗೆ ಬಂತು. ಬ್ರಯನ್ ಫಾಕ್ಸ್ ಬರೆದ ಬ್ಯಾಶ್ 1989ರಲ್ಲಿ ಬಂದು ಇಂದಿಗೂ ಬಹುತೇಕ ಲಿನಕ್ಸ್ ಯಂತ್ರಗಳಲ್ಲಿದೆ. ಅದರಲ್ಲಿ ‘ಊರು’ ಎಂಬ ಚರಾಕ್ಷರಕ್ಕೆ ‘ಅಣ್ಣಿಗೇರಿ’ ಎಂಬ ಬೆಲೆ ಕೊಟ್ಟರೆ, ಮುಂದೆ ಡಾಲರ್ ಚಿಹ್ನೆಯೊಂದಿಗೆ ‘$ಊರು’ ಎಂದು ಬರೆದಲ್ಲೆಲ್ಲ ಶೆಲ್ ಆ ಬೆಲೆಯನ್ನು ಇಡುತ್ತದೆ. ಚರಾಕ್ಷರದ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ಬೆಲೆ ಕನ್ನಡದಲ್ಲಿರಬಹುದು. ಹತ್ತನೇ ತರಗತಿಯ ಗಣಿತದಲ್ಲಿ ಆದೇಶ ವಿಧಾನದಿಂದ ಸಮೀಕರಣ ಬಿಡಿಸಿದ ವಿದ್ಯಾರ್ಥಿಗೆ ಇದು ಹೊಸದೇನಲ್ಲ. ಆದರೆ ಗಣಿತದ ಪುಸ್ತಕ ಹೇಳದ ಒಂದು ಸಂಗತಿ ಇಲ್ಲಿದೆ. ಶೆಲ್ ಮೊದಲು ಬೆಲೆಯನ್ನು ಇಡುತ್ತದೆ, ಆಮೇಲೆ ಹಾಗೆ ಇಟ್ಟ ಬೆಲೆಯನ್ನು ಪದಗಳಾಗಿ ಒಡೆಯುತ್ತದೆ, ಕೊನೆಗೆ ಆಜ್ಞೆ ನಡೆಸುತ್ತದೆ. ಈ ಸರದಿ ಗೊತ್ತಿಲ್ಲದವರು ಬರೆದ ಆಜ್ಞೆ, ಅವರು ಎಣಿಸಿದ್ದನ್ನು ಬಿಟ್ಟು ಬೇರೇನನ್ನೋ ಮಾಡಬಲ್ಲದು.

ಒಂದು ಯಂತ್ರದಲ್ಲಿ ‘ಕಲಘಟಗಿ’ ಎಂಬ ಕಡತಕೋಶದಲ್ಲಿ ಈ ವರ್ಷದ ದಾಖಲೆಗಳೂ ‘ಕಲಘಟಗಿ ಹಳೆಯದು’ ಎಂಬ ಕೋಶದಲ್ಲಿ ಬೇಡವಾದ ದಾಖಲೆಗಳೂ ಇವೆ ಎಂದಿಟ್ಟುಕೊಳ್ಳಿ. ಹಳೆಯದನ್ನು ಅಳಿಸಬೇಕು. ಅದರ ಹೆಸರನ್ನು ಚರಾಕ್ಷರದಲ್ಲಿಟ್ಟು, ಉದ್ಧರಣ ಚಿಹ್ನೆಯಿಲ್ಲದೆ ಅಳಿಸುವ ಆಜ್ಞೆಗೆ ಕೊಟ್ಟರೆ, ಬ್ಯಾಶ್ ಆ ಬೆಲೆಯನ್ನು ನಡುವಿನ ಖಾಲಿ ಜಾಗದಲ್ಲಿ ಎರಡಾಗಿ ಒಡೆಯುತ್ತದೆ. ‘ಕಲಘಟಗಿ’ ಒಂದು, ‘ಹಳೆಯದು’ ಇನ್ನೊಂದು. ಮೊದಲನೆಯದು ನಿಜಕ್ಕೂ ಇರುವುದರಿಂದ ಈ ವರ್ಷದ ದಾಖಲೆಗಳೆಲ್ಲ ಅಳಿದುಹೋಗುತ್ತವೆ. ಬೇಡವಾದ ಕೋಶ ಇದ್ದಲ್ಲೇ ಉಳಿಯುತ್ತದೆ. ಚರಾಕ್ಷರದ ಎರಡೂ ಕಡೆ ಜೋಡಿ ಉದ್ಧರಣ ಚಿಹ್ನೆ ಹಾಕಿದ್ದರೆ ಇಡೀ ಬೆಲೆ ಒಂದೇ ಪದವಾಗಿ ಉಳಿಯುತ್ತಿತ್ತು. ಒಂಟಿ ಚಿಹ್ನೆ ಹಾಕಿದರೆ ಮಾತ್ರ ಬೆಲೆ ಬರುವುದೇ ಇಲ್ಲ, ಬರೆದದ್ದು ಬರೆದಂತೆಯೇ ಇರುತ್ತದೆ. ಕಲಘಟಗಿ ತಾಲೂಕಿನ ತಬಕದ ಹೊನ್ನಳ್ಳಿಯನ್ನು ಕೆಲವರು ಬಿಡಿಸಿ ಬರೆಯುತ್ತಾರೆ, ಕೆಲವರು ಕೂಡಿಸಿ ಬರೆಯುತ್ತಾರೆ. ಓದುವವರಿಗೆ ಎರಡೂ ಒಂದೇ ಊರು. ಯಂತ್ರಕ್ಕೆ ಹಾಗಲ್ಲ. ಊರು ಮತ್ತು ಮನುಷ್ಯರ ಹೆಸರುಗಳು ಹೀಗೆ ಎರಡು ಮೂರು ಬಗೆಯಲ್ಲಿ ಓಡಾಡುವ ನಮ್ಮ ಕಡೆ ಈ ನಿಯಮದ ಅರಿವು ಹೆಚ್ಚೇ ಬೇಕು.

ಎರಡನೆಯ ಅಪಾಯ ಖಾಲಿ ಬೆಲೆಯದು. ಬೆಲೆಯನ್ನೇ ಕೊಡದ ಚರಾಕ್ಷರವನ್ನು ಬಳಸಿದರೆ ಶೆಲ್ ತಕರಾರು ಮಾಡುವುದಿಲ್ಲ. ಅಲ್ಲಿ ಏನೂ ಇಲ್ಲವೆಂದು ತಿಳಿದು ಮುಂದೆ ಸಾಗುತ್ತದೆ. 2015ರ ಜನವರಿಯಲ್ಲಿ ಲಿನಕ್ಸ್‌ಗಾಗಿ ಬಂದಿದ್ದ ಸ್ಟೀಮ್ ಎಂಬ ಆಟಗಳ ತಂತ್ರಾಂಶದಲ್ಲಿ ಹೀಗೇ ಆಯಿತು. ತನ್ನ ಕೋಶದಲ್ಲಿರುವುದನ್ನೆಲ್ಲ ಅಳಿಸಲು ಬರೆದ ಸಾಲಿನಲ್ಲಿ ಆ ಕೋಶದ ವಿಳಾಸ ಖಾಲಿಯಾಗಿತ್ತು. ವಿಳಾಸ ಹೋಗಿ ಓರೆಗೆರೆಯೊಂದೇ ಉಳಿದಾಗ ಆ ಆಜ್ಞೆಯ ಅರ್ಥ ‘ಯಂತ್ರದಲ್ಲಿರುವುದನ್ನೆಲ್ಲ ಅಳಿಸು’ ಎಂದಾಯಿತು, ಬಳಕೆದಾರರ ಕಡತಗಳು ನಾಶವಾದವು. ಆ ಸಾಲಿನಲ್ಲಿ ಉದ್ಧರಣ ಚಿಹ್ನೆ ಸರಿಯಾಗಿಯೇ ಇತ್ತು ಎಂಬುದನ್ನು ಗಮನಿಸಬೇಕು. ಪದ ಒಡೆಯದಂತೆ ಕಾಯುವ ಚಿಹ್ನೆ ಖಾಲಿತನದಿಂದ ಕಾಯುವುದಿಲ್ಲ. ಅದಕ್ಕೆ ಬೇರೆ ಉಪಾಯಗಳಿವೆ. ಬೆಲೆ ಇಲ್ಲದಿದ್ದರೆ ನಿಲ್ಲು ಎಂದು ಮೊದಲೇ ಹೇಳಬಹುದು, ಇಲ್ಲವೇ ಬೆಲೆ ಇಲ್ಲದಿದ್ದಾಗ ಇದನ್ನು ಬಳಸು ಎಂದು ಬದಲಿ ಬೆಲೆ ಸೂಚಿಸಬಹುದು. ಎರಡಕ್ಕೂ ಬೇಕಾಗುವುದು ಕೆಲವೇ ಅಕ್ಷರ. ತಿಳಿದವರಿಗೆ ಅದು ಸುಲಭ, ತಿಳಿಯದವರಿಗೆ ಹಾಗೊಂದು ಉಪಾಯವಿದೆ ಎಂಬುದೇ ಗೊತ್ತಿರುವುದಿಲ್ಲ.

ಮೂರನೆಯದು ಬೆಲೆಯೇ ಆಜ್ಞೆಯಾಗಿಬಿಡುವ ಅಪಾಯ. ಸಾಮಾನ್ಯವಾಗಿ ಶೆಲ್ ತಾನು ತಂದಿಟ್ಟ ಬೆಲೆಯ ಒಳಗಿರುವ ಆಜ್ಞೆಗಳನ್ನು ನಡೆಸುವುದಿಲ್ಲ. ಅವನ್ನು ಬರೀ ಅಕ್ಷರಗಳೆಂದೇ ನೋಡುತ್ತದೆ. ಈ ಗೆರೆ ಅಳಿಸಿದರೆ ಏನಾಗುತ್ತದೆ ಎಂಬುದು 2014ರ ಸೆಪ್ಟೆಂಬರ್‌ನಲ್ಲಿ ಬಯಲಾದ ಶೆಲ್‌ಶಾಕ್ ದೋಷದಿಂದ ಜಗತ್ತಿಗೆ ಗೊತ್ತಾಯಿತು. ಹೊರಗಿನಿಂದ ಬಂದ ಚರಾಕ್ಷರದ ಬೆಲೆಯ ಬಾಲಕ್ಕೆ ಆಜ್ಞೆಯೊಂದನ್ನು ಅಂಟಿಸಿದರೆ ಬ್ಯಾಶ್ ಅದನ್ನು ನಡೆಸಿಬಿಡುತ್ತಿತ್ತು. ಸುಮಾರು 25 ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಆ ದೋಷ ಅಸಂಖ್ಯ ಸರ್ವರ್‌ಗಳನ್ನು ಅಪಾಯಕ್ಕೆ ಒಡ್ಡಿತ್ತು. ಹೊರಗಿನವರು ತುಂಬಿದ ಮಾಹಿತಿಯನ್ನು ಮಾಹಿತಿಯಾಗಿಯೇ ಇರಿಸಬೇಕು, ಅದು ಆಜ್ಞೆಯ ಜಾಗಕ್ಕೆ ನುಸುಳಬಾರದು. ಅರ್ಜಿ ಸ್ವೀಕರಿಸುವ ಯಾವ ತಂತ್ರಾಂಶಕ್ಕೂ ಇದೇ ಮೊದಲ ಪಾಠ.

ಕನ್ನಡದ ವಿಷಯಕ್ಕೆ ಬಂದರೆ ಇನ್ನೂ ಎರಡು ಸಂಗತಿಗಳಿವೆ. ನಾವು ಅಣ್ಣಿಗೇರಿ ಎಂಬುದನ್ನು ನಾಲ್ಕು ಅಕ್ಷರವಾಗಿ ಓದುತ್ತೇವೆ. ಯುನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮ ಬೇರೆ ಬೇರೆ ಸಂಕೇತಗಳಾದ್ದರಿಂದ ಬ್ಯಾಶ್ ಅದರಲ್ಲಿ 9 ಎಣಿಸುತ್ತದೆ; ಕಡತದಲ್ಲಿ ಅದು ಹಿಡಿಯುವ ಜಾಗ 27 ಬೈಟ್. ಮೊದಲ ನಾಲ್ಕನ್ನು ಕೊಡು ಎಂದರೆ ಸಿಗುವುದು ‘ಅಣ್ಣ’ ಮಾತ್ರ. ಇನ್ನೊಂದು ವಿಭಕ್ತಿಯದು. ಬಸಪ್ಪನಿಗೆ, ಪಾರ್ವತಿಗೆ, ಗುರುವಿಗೆ ಎಂದು ಹೆಸರಿನ ಕೊನೆಗೆ ತಕ್ಕಂತೆ ನಾವು ಪ್ರತ್ಯಯ ಬದಲಿಸುತ್ತೇವೆ. ಖಾಲಿ ಜಾಗ ತುಂಬುವ ಯಂತ್ರಕ್ಕೆ ಅದು ಬಾರದು. ಅಚ್ಚಿನ ಫಾರಂಗಳ ಕಾಲದಿಂದಲೂ ಸರ್ಕಾರಿ ಒಕ್ಕಣೆ ಹೆಸರನ್ನು ಬಿಡಿಯಾಗಿ ನಿಲ್ಲಿಸಿ, ಮುಂದೆ ‘ಇವರಿಗೆ’, ‘ಗ್ರಾಮದ’ ಎಂದು ಬರೆಯುತ್ತಿರುವುದು ಈ ತೊಡಕಿಗೆ ಜಾಣ ಪರಿಹಾರ. ಇಂಥ ಪರಿಹಾರಗಳು ಕನ್ನಡ ಬಲ್ಲವರಿಗೆ ಹೊಳೆಯುತ್ತವೆ. ಕನ್ನಡವನ್ನೂ ಯಂತ್ರದ ನಿಯಮವನ್ನೂ ಒಟ್ಟಿಗೆ ಬಲ್ಲವರು ಹಳ್ಳಿಗಳಿಂದ ಬರಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಮೌಸ್ ಹಿಡಿದು ಎಕ್ಸೆಲ್ ಕಲಿತರೆ ಕೆಲಸ ಸಿಗುತ್ತದೆ, ಶೆಲ್ ಯಾಕೆ ಎಂದು ಕೇಳುವವರಿದ್ದಾರೆ. ಎಕ್ಸೆಲ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗುಂಡಿ ಒತ್ತಿ ಮಾಡುವ ಕೆಲಸದಲ್ಲಿ ನಿಯಮ ಗುಂಡಿಯ ಹಿಂದೆ ಅಡಗಿರುತ್ತದೆ. ಶೆಲ್‌ನಲ್ಲಿ ಅದು ಕಣ್ಣೆದುರಿಗಿರುತ್ತದೆ, ತಪ್ಪು ಬರೆದು ಫಲ ನೋಡಿ ತಿದ್ದಿಕೊಳ್ಳಬಹುದು. ಇನ್ನು ಕೆಲವರು, ಕೃತಕ ಬುದ್ಧಿಮತ್ತೆಯೇ ಈಗ ಆಜ್ಞೆ ಬರೆದುಕೊಡುತ್ತದಲ್ಲ ಎನ್ನುತ್ತಾರೆ. ಬರೆದುಕೊಡುತ್ತದೆ, ಹಲವು ಸಲ ಚೆನ್ನಾಗಿಯೇ ಬರೆಯುತ್ತದೆ. ಆದರೆ ನಮ್ಮ ಯಂತ್ರದಲ್ಲಿ ಯಾವ ಕೋಶದ ಹೆಸರಿನ ನಡುವೆ ಖಾಲಿ ಜಾಗವಿದೆ, ಯಾವ ಬೆಲೆ ಇನ್ನೂ ತುಂಬಿಲ್ಲ ಎಂಬುದನ್ನು ನಾವು ಹೇಳದೆ ಅದು ಹೇಗೆ ತಿಳಿದೀತು? ಅದು ಬರೆದ ಸಾಲನ್ನು ಓದಿ, ಒತ್ತಬಹುದೇ ಬೇಡವೇ ಎಂದು ತೀರ್ಮಾನಿಸುವವರು ಇಲ್ಲಿಯೇ ಇರಬೇಕು. ಬರೆಯುವ ಶ್ರಮ ತಗ್ಗಿದಷ್ಟೂ ಓದಿ ಅರಿಯುವ ಹೊಣೆ ಹೆಚ್ಚುತ್ತದೆ.

ಇಂಗ್ಲಿಷ್ ಬಾರದ ಮಕ್ಕಳಿಗೆ ಇದು ಕಷ್ಟ, ಹಳ್ಳಿಗಳಲ್ಲಿ ಕಂಪ್ಯೂಟರ್‌ಗಳೂ ಇಲ್ಲ ಎಂಬುದು ಹೆಚ್ಚು ತೂಕದ ಆಕ್ಷೇಪ. ಆಜ್ಞೆಗಳು ಇಂಗ್ಲಿಷ್‌ನಲ್ಲಿವೆ ನಿಜ, ಆದರೆ ಈ ಪಾಠಕ್ಕೆ ಬೇಕಾದವು ಬೆರಳೆಣಿಕೆಯಷ್ಟು. ಕಷ್ಟವಿರುವುದು ಯಾವುದು ಮೊದಲು, ಯಾವುದು ಆಮೇಲೆ, ಯಾಕೆ ಎಂಬ ವಿವರಣೆಯಲ್ಲಿ. ಅದನ್ನು ಮಕ್ಕಳ ಭಾಷೆಯಲ್ಲಿ ಹೇಳಿದರೆ ಮುಕ್ಕಾಲು ಕಷ್ಟ ಕರಗುತ್ತದೆ. ಯಂತ್ರದ ಕೊರತೆಗೂ ಶೆಲ್ಲೇ ಉತ್ತರ. ಹೊಸ ತಂತ್ರಾಂಶ ತಾಳದ ಹಳೆಯ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಹಾಕಿದರೆ ಶೆಲ್ ನಡೆಯುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಉಚಿತ ಆ್ಯಪ್ ಹಾಕಿಕೊಂಡರೆ ಬ್ಯಾಶ್ ಅಂಗೈಯಲ್ಲೇ ಸಿಗುತ್ತದೆ.

ಆದ್ದರಿಂದ ಧಾರವಾಡ ಜಿಲ್ಲೆಯ ಶಿಕ್ಷಣ ಸಂಸ್ಥೆಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಧಾರವಾಡದಲ್ಲಿ 2015ರಿಂದ ಐಐಐಟಿ, 2016ರಿಂದ ಐಐಟಿ ಇವೆ. ಅಲ್ಲಿಯ ಪ್ರಾಧ್ಯಾಪಕರು ಮತ್ತು ವಿದ್ಯಾರ್ಥಿಗಳು ತಾಲೂಕು ಕೇಂದ್ರಗಳ ಅಧ್ಯಾಪಕರ ಜೊತೆ ಕುಳಿತು ಬೆಲೆ ಇಡುವುದು, ಪದ ಒಡೆಯುವುದು, ಖಾಲಿ ಬೆಲೆ, ಕನ್ನಡ ಅಕ್ಷರಗಳ ಎಣಿಕೆ ಈ ನಾಲ್ಕರ ಬಗ್ಗೆ ಕನ್ನಡದಲ್ಲಿ ಒಂದು ಕಿರುಪಠ್ಯ ಸಿದ್ಧಮಾಡಲಿ. ಅದು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಪದವಿಪೂರ್ವ ಮತ್ತು ಪದವಿ ಕಾಲೇಜುಗಳಿಗೂ ಗ್ರಾಮ ಪಂಚಾಯಿತಿಗಳ ಡೇಟಾ ಎಂಟ್ರಿ ಆಪರೇಟರ್‌ಗಳಿಗೂ ತಲುಪಲಿ. ಇದಕ್ಕೆ ಹೊಸ ಕಟ್ಟಡ ಬೇಡ, ದುಬಾರಿ ಪರವಾನಗಿಯೂ ಬೇಡ. ತನ್ನ ಉತಾರದಲ್ಲಿ ಹೆಸರು ಯಾಕೆ ತಪ್ಪಾಗಿ ಬಂತು ಎಂದು ರೈತ ಕೇಳಿದಾಗ ‘ಸಿಸ್ಟಂ ಹಾಗೇ ತೋರಿಸ್ತದ’ ಎಂಬ ಉತ್ತರ ಸಾಲದು. ಸಿಸ್ಟಂ ಯಾವ ನಿಯಮದಿಂದ ಹಾಗೆ ತೋರಿಸುತ್ತಿದೆ, ಅದನ್ನು ಎಲ್ಲಿ ತಿದ್ದಬೇಕು ಎಂದು ಹೇಳಬಲ್ಲ ಯುವಕ ಯುವತಿಯರು ಅವನ ಊರಿನಲ್ಲೇ ಇರುವುದು ಅವನ ಹಕ್ಕು. ಅಂಥವರನ್ನು ತಯಾರು ಮಾಡುವುದು ನಮ್ಮ ಶಾಲೆ ಕಾಲೇಜುಗಳ ಕರ್ತವ್ಯ.