ಮುಳ್ಳು ಸವರಿದ ಹಠ

ಬಿದಿರು ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಕೈ ಹಾಕಿದರೆ ಚರ್ಮ ಕಿತ್ತು ಬರುತ್ತದೆ. ಮಳೆ ಹಿಡಿದ ಮೇಲೆ ನೆಲ ಸೀಳಿಕೊಂಡು ಏಳುವ ಕಳಲೆಗೆ ಅದೇ ಬೇಲಿ. ದನಕ್ಕೂ ಮುಳ್ಳುಹಂದಿಗೂ ಮುಸಿಯನಿಗೂ ಎಳೆ ಕಳಲೆ ಎಂದರೆ ಪ್ರಾಣ. ಉತ್ತರ ಕನ್ನಡದ ಹಳಿಯಾಳ, ಜೋಯಿಡಾ, ಮುಂಡಗೋಡದ ಹಳ್ಳಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆದರೂ ಅರಣ್ಯ ಇಲಾಖೆ ಮೆಳೆಯ ಬುಡದ ಮುಳ್ಳನ್ನು ಸವರಿಸುತ್ತಲೇ ಹೋಯಿತು. ಬುಡ ಚೊಕ್ಕಟವಾದರೆ ಬಿದಿರು ಹುಲುಸಾಗುತ್ತದೆ ಎಂಬುದು ಕಾಗದದ ಮೇಲಿದ್ದ ನಂಬಿಕೆ. ಆ ಬಿದಿರನ್ನು ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಗೆ 1958ರಲ್ಲಿ ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಬುಟ್ಟಿ ಹೆಣೆದು ಬದುಕುವವರು ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ತೆರಬೇಕಿತ್ತು. ಕಾಡಿನಲ್ಲಿ ಬಿದಿರು ಬರಿದಾಗುತ್ತಿದೆ ಎಂದು ಮೊದಲು ಕೂಗಿದವರೂ ಅವರೇ. ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು 1970ರ ದಶಕದಲ್ಲಿ ಮೆಳೆ ಮೆಳೆ ಸುತ್ತಿ ನೋಡಿದರು. ಮುಳ್ಳು ಸವರಿದಲ್ಲಿ ಕಳಲೆ ಮೇವಾಗಿ ಹೋಗಿತ್ತು. ಹಳ್ಳಿಗರ ಮಾತು ನಿಜವಾಗಿತ್ತು. ಕಾಡಿನಲ್ಲಿ ಇಷ್ಟು ಬಿದಿರಿದೆ ಎಂದು ಇಲಾಖೆ ಬರೆದಿಟ್ಟಿದ್ದ ಲೆಕ್ಕವೂ ಬಹಳ ಉಬ್ಬಿದ್ದಾಗಿತ್ತು.

ಮೊಲವೊಂದು ಮರದ ಬೊಡ್ಡೆಗೆ ಡಿಕ್ಕಿ ಹೊಡೆದು ಸತ್ತದ್ದನ್ನು ಕಂಡ ರೈತನೊಬ್ಬ ಗುದ್ದಲಿ ಬಿಸಾಡಿ, ಇನ್ನೊಂದು ಮೊಲ ಬಂದೀತೆಂದು ಆ ಬೊಡ್ಡೆಯನ್ನೇ ಕಾಯುತ್ತ ಕೂತ. ಪ್ರಾಚೀನ ಚೀನಾದ ಚಿಂತಕ ಹಾನ್ ಫೇ ಬರೆದ ಈ ಕಥೆ ಜಪಾನಿನಲ್ಲಿ ನಾಣ್ಣುಡಿಯಾಗಿ ಉಳಿದಿದೆ. ಹಳೆಯದನ್ನು ಬಿಡಲೊಲ್ಲದವರನ್ನು ಅಲ್ಲಿ ಬೊಡ್ಡೆ ಕಾಯುವವರು ಎನ್ನುತ್ತಾರೆ. ಉತ್ತರ ಕನ್ನಡದ ಕಾಡನ್ನು ದಶಕಗಳ ಕಾಲ ಆಳಿದ್ದು ಇಂಥ ಕಾವಲೇ. ನೈಸರ್ಗಿಕ ಕಾಡು ಕಡಿದು ಇಲಾಖೆಯವರು ನೀಲಗಿರಿ ನೆಟ್ಟರು. ಮಳೆ ಸೀಮೆಯಲ್ಲಿ ಅದಕ್ಕೆ ಶಿಲೀಂಧ್ರ ರೋಗ ಬಡಿಯಿತು. ಆಮೇಲಾದರೂ ಪಾಠ ಕಲಿತರೇ? ನೀಲಗಿರಿ ಹೋದಲ್ಲಿ ಅಕೇಶಿಯಾ ಬಂತು. ಸಸಿ ಬದಲಾಯಿತೇ ಹೊರತು ಒಂದೇ ಜಾತಿಯನ್ನು ಸಾಲು ಹಿಡಿದು ನೆಡುವ ಚಟ ಬಿಡಲಿಲ್ಲ.

ಊರಿನ ನಮ್ಮನ್ನೂ ಇಲ್ಲಿ ಬಿಟ್ಟು ಮಾತಾಡಲಾಗದು. ಬೇಸಿಗೆ ಬಂದರೆ ತರಗೆಲೆಗೆ ಬೆಂಕಿ ಇಡುವುದು, ಅದು ಗುಡ್ಡ ಹತ್ತಿ ಉರಿದರೆ ‘ಪ್ರತಿ ವರ್ಷ ಹೀಗೇ ಅಲ್ಲವೇ’ ಎಂದು ಕೈಕಟ್ಟಿ ನಿಲ್ಲುವುದು, ಇದೂ ಅದೇ ರೋಗ. ಬೆಂಕಿಗೆ ಮೊದಲು ಸುಡುವುದು ಬಿದಿರಿನ ಎಳೆ ಸಸಿಗಳೇ. ಹೂಬಿಟ್ಟು ಸತ್ತ ಮೆಳೆಯ ಜಾಗ ತುಂಬಬೇಕಾದವು ಅವೇ ತಾನೇ?

ಜೋಯಿಡಾದ ಕುಣಬಿಗಳಿಗೆ ಗಡ್ಡೆಗೆಣಸಿನ ಜಾತಿಯೆಷ್ಟು, ಯಾವುದಕ್ಕೆ ಯಾವ ಮಣ್ಣು ಎಂಬುದು ಬಾಯಿಪಾಠ. ಮುಂಡಗೋಡ, ಹಳಿಯಾಳದ ಸಿದ್ದಿಗಳಿಗೆ, ಗೌಳಿಗಳಿಗೆ ಯಾವ ಹಳ್ಳ ಯಾವ ತಿಂಗಳು ಬತ್ತುತ್ತದೆಂದು ಗೊತ್ತು. ಇವರನ್ನು ಕಚೇರಿಯ ಬಾಗಿಲಲ್ಲಿ ಅರ್ಜಿ ಹಿಡಿಸಿ ನಿಲ್ಲಿಸುವುದು ನಾಚಿಕೆಗೇಡು. ಅರಣ್ಯ ಇಲಾಖೆ ಕಾಡಿನ ನಿರ್ವಹಣೆಗೆ ಬರೆಯುವ ಮುಂದಿನ ವರ್ಕಿಂಗ್ ಪ್ಲಾನಿನ ಕರಡನ್ನು ಅವರ ಊರಿಗೇ ಒಯ್ದು, ಕನ್ನಡದಲ್ಲೂ ಕೊಂಕಣಿಯಲ್ಲೂ ಓದಿ ಹೇಳಿ. ತಪ್ಪೆಂದು ಅವರು ತೋರಿಸಿದ ಸಾಲನ್ನು ಅಲ್ಲೇ ಹೊಡೆದುಹಾಕಿ.